ಅರಗದ ಅನ್ನ, ಅರಗದ ಹಗಲು

ನಮ್ಮ ಮನೆಗಳಲ್ಲಿ ಬಂದ ನೆಂಟರನ್ನು ಕೇಳುವ ಪ್ರಶ್ನೆಗಳು ಎರಡು. ರಾತ್ರಿ ಬಂದವರನ್ನು ಬಾಗಿಲಲ್ಲಿಯೇ ‘ಊಟ ಆಯಿತೆ?’ ಎಂದು ಕೇಳುವುದು. ಅವರು ಉಂಡು ಮಲಗಿ ಬೆಳಗ್ಗೆ ಎದ್ದು ಹಜಾರಕ್ಕೆ ಬಂದೊಡನೆ, ಕಾಫಿಯ ಲೋಟವನ್ನು ಕೈಗಿಡುತ್ತ, ‘ನಿದ್ದೆ ಚೆನ್ನಾಗಿ ಬಂತೆ?’ ಎಂದು ಕೇಳುವುದು. ಇವೆರಡೂ ಉಪಚಾರದ ಮಾತುಗಳೆಂದೇ ನಾನು ಬಹುಕಾಲ ತಿಳಿದಿದ್ದೆ. ಆದರೆ ಎರಡನೆಯ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ಮೊದಲನೆಯದರ ಉತ್ತರದಲ್ಲಿಯೇ ಅಡಗಿರುವುದೆಂಬುದನ್ನೂ, ಏನನ್ನು ಉಂಡೆವೆಂಬುದರಷ್ಟೇ ಯಾವ ಹೊತ್ತಿನಲ್ಲಿ ಉಂಡೆವೆಂಬುದೂ ಇರುಳಿನ ನೆಮ್ಮದಿಗೆ ಕಾರಣವಾಗುವುದೆಂಬುದನ್ನೂ ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯಲ್ಲಿ ಕಳೆದ ರಾತ್ರಿಗಳು ನನಗೆ ನಿಧಾನವಾಗಿ ಕಲಿಸಿವೆ.

ಬನಶಂಕರಿಯೆಂಬ ಹೆಸರೇ ಅನ್ನದೊಡನೆ ಬೆಸೆದುಕೊಂಡದ್ದು. ಬಾದಾಮಿಯ ಬಳಿ ಚೊಳಚಗುಡ್ಡದಲ್ಲಿ ನೆಲೆಸಿದ ಬನಶಂಕರಿಯನ್ನು ಶಾಕಾಂಭರಿಯೆಂದು ಭಜಿಸುವರು. ಕ್ಷಾಮಕಾಲದಲ್ಲಿ ತನ್ನ ದೇಹದಿಂದಲೇ ಕಾಯಿಪಲ್ಲೆಗಳನ್ನು ಹುಟ್ಟಿಸಿ ಲೋಕವನ್ನು ಸಲಹಿದಳೆಂಬ ಪುರಾಣವುಳ್ಳ ಆ ತಾಯಿಗೆ, ಬನದ ಹುಣ್ಣಿಮೆಯ ಜಾತ್ರೆಯ ಮುನ್ನ, 108 ಬಗೆಯ ಪಲ್ಯಗಳ ನೈವೇದ್ಯವನ್ನು ಇಂದಿಗೂ ಸಮರ್ಪಿಸುವರು. ಅದೇ ದೇವಿಯ ಹೆಸರಿನಲ್ಲಿ ಸೋಮಣ್ಣ ಶೆಟ್ಟರು 1915ರಲ್ಲಿ ಕನಕಪುರ ರಸ್ತೆಯ ಬದಿಯಲ್ಲಿ ಕಟ್ಟಿಸಿದ, ರಾಹುಕಾಲದ ಪೂಜೆಗೂ ನಿಂಬೆಹಣ್ಣಿನ ದೀಪಕ್ಕೂ ಹೆಸರಾದ ಗುಡಿಯಿಂದ ತನ್ನ ಹೆಸರನ್ನು ಪಡೆದ ಈ ಬಡಾವಣೆಯಲ್ಲಿ ಇಂದು ಉಣ್ಣುವುದಕ್ಕೆ ಕೊರತೆಯೆಂಬುದಿಲ್ಲ. ಬಿಡಿಎ ಕಾಂಪ್ಲೆಕ್ಸಿನ ಸುತ್ತ, ಕತ್ರಿಗುಪ್ಪೆಯ ಕಡೆಗೆ, ರಿಂಗ್ ರೋಡಿನ ಉದ್ದಕ್ಕೂ ಸಂಜೆ ಹೊತ್ತಿಸಿದ ಒಲೆಗಳು ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಎಂಟು ಗಂಟೆಗೆಲ್ಲ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದ ನಮ್ಮ ಬೀದಿಯಲ್ಲಿ ಈಗ ಒಂಬತ್ತೂವರೆಗೆ ಕುಕ್ಕರು ಕೂಗುವುದು ಕೇಳಿಸುತ್ತದೆ. ಕೊರತೆಯಾಗಿರುವುದು ಅನ್ನವಲ್ಲ, ಹೊತ್ತು.

ಕೆಲವು ತಿಂಗಳ ಹಿಂದೆ ಕನಕಪುರ ರಸ್ತೆಯ ಒಂದು ಛತ್ರದಲ್ಲಿ ನಡೆದ ಆರತಕ್ಷತೆಗೆ ಹೋಗಿದ್ದೆ. ವಧೂವರರನ್ನು ಹರಸುವ ಸಾಲು ಕರಗಿ ಊಟದ ಮನೆಗೆ ಇಳಿಯುವ ಹೊತ್ತಿಗೆ ಹತ್ತೂವರೆ ಮೀರಿತ್ತು. ನಮ್ಮದು ಕಡೆಯ ಪಂಕ್ತಿ. ಬಹಳ ಹಸಿದಿದ್ದ ನಾನು ಆಂಬೊಡೆ, ತುಪ್ಪ ಸುರಿದ ಎರಡು ಹೋಳಿಗೆ, ಬಿಸಿಬೇಳೆಬಾತು, ಅನ್ನ, ತಿಳಿಸಾರು, ಕೊನೆಗೆ ಮೊಸರನ್ನ, ಹೀಗೆ ಎಲೆಗೆ ಬಂದುದೆಲ್ಲವನ್ನೂ ಉಂಡು, ಮನೆಗೆ ಬಂದು, ಹನ್ನೆರಡರೊಳಗೆ ಹಾಸಿಗೆ ಸೇರಿದೆ. ನಿದ್ದೆ ಬಾರದೆ ಇರಲಿಲ್ಲ. ಕಲ್ಲು ನೀರಿಗೆ ಬಿದ್ದ ಹಾಗೆ ಬಂತು. ಮೂರು ಗಂಟೆಯ ಸುಮಾರಿಗೆ ಒಂದು ಕನಸು. ಹಾಸನದ ಕಡೆಯ ನಮ್ಮ ಅಜ್ಜಿಯ ಮನೆಯ ಅಡುಗೆಮನೆ. ಒರಳುಕಲ್ಲಿನ ಮುಂದೆ ಕುಳಿತು ಅಜ್ಜಿ ಉದ್ದು ರುಬ್ಬುತ್ತಿದ್ದಾಳೆ, ಹಿಟ್ಟನ್ನು ಗುಂಡಿಗೆ ತಳ್ಳಿಕೊಡುವ ಕೆಲಸ ನನ್ನದು. ಹಿಟ್ಟು ನೊರೆನೊರೆಯಾಗಿ ಉಬ್ಬಿ ಕಲ್ಲಿನ ಅಂಚನ್ನು ಮೀರುತ್ತದೆ. ಎರಡು ಕೈಯಿಂದ ಬಾಚಿ ಬಾಚಿ ತುಂಬಿದರೂ ನೆಲಕ್ಕೆ ಹರಿದು, ಹೊಸಿಲು ದಾಟಿ, ನಡುಮನೆಗೆ ಬರುತ್ತದೆ. ಅಜ್ಜಿ ಮಾತ್ರ ತಲೆಯೆತ್ತದೆ ಗುಂಡುಕಲ್ಲನ್ನು ತಿರುಗಿಸುತ್ತಲೇ ಇದ್ದಾಳೆ. ಕೂಗಬೇಕೆಂದು ಬಾಯಿ ತೆರೆದರೆ ಬಾಯಿತುಂಬ ಹುಳಿ. ಎಚ್ಚರವಾದಾಗ ಗಂಟಲಲ್ಲಿ ಹುಳಿತೇಗು, ಎದೆಯಲ್ಲಿ ಉರಿ. ಆಮೇಲೆ ಬೆಳಗಿನವರೆಗೆ ಬಂದದ್ದು ಕೋಳಿನಿದ್ದೆ.

‘ರಾತ್ರಿಯೆಲ್ಲ ಕನವರಿಸ್ತಿದ್ಯಲ್ಲೋ,’ ಎಂದರು ಬೆಳಗ್ಗೆ ಅಮ್ಮ. ‘ಹೊತ್ತಲ್ಲದ ಹೊತ್ತಲ್ಲಿ ಉಂಡು ಬಂದು ಬಿದ್ಕೊಂಡ್ರೆ, ನೀನು ಮಲಗಬಹುದಪ್ಪ, ಹೊಟ್ಟೆ ಮಲಗುತ್ಯೇ?’

ಅಮ್ಮನ ಆ ಒಂದು ಮಾತನ್ನು ಹಿಡಿದು ನಾನು ಓದಿದ್ದನ್ನೂ ಕೇಳಿದ್ದನ್ನೂ ಇಲ್ಲಿ ನಿರೂಪಿಸುತ್ತಿದ್ದೇನೆ.

ಹಿರಿಯರು ಕಂಡದ್ದು

ಅನ್ನಕ್ಕೂ ಮನಸ್ಸಿಗೂ ಇರುವ ನಂಟನ್ನು ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಷ್ಟು ಸರಳವಾಗಿ ತೋರಿಸಿಕೊಟ್ಟ ಗ್ರಂಥವು ವಿರಳ. ಮನಸ್ಸು ಅನ್ನಮಯವಾದುದೆಂದು ಮಗನಾದ ಶ್ವೇತಕೇತುವಿಗೆ ಬೋಧಿಸುವ ಉದ್ದಾಲಕನು, ಅದನ್ನು ಬರಿಯ ಮಾತಿನಲ್ಲಿ ನಿಲ್ಲಿಸದೆ, ಹದಿನೈದು ದಿನ ಅನ್ನವನ್ನು ಬಿಟ್ಟು ನೀರನ್ನು ಮಾತ್ರ ಕುಡಿದುಕೊಂಡಿರೆಂದು ಹೇಳಿ, ಆಮೇಲೆ ವೇದವನ್ನು ಒಪ್ಪಿಸೆನ್ನುವನು. ಹುಡುಗನಿಗೆ ಒಂದೂ ನೆನಪಿಗೆ ಬಾರದು. ಉಂಡು ಬಂದ ಮೇಲೆ ಎಲ್ಲವೂ ಮರಳಿ ಬರುವುದು. ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರುವುದು ಇದರ ಮುಂದಿನ ಭಾಗ. ಅನ್ನದ ಪಾಠವು ಮುಗಿದೊಡನೆ ತಂದೆಯು ಎತ್ತಿಕೊಳ್ಳುವ ವಿಷಯ ನಿದ್ರೆ. ಉಣ್ಣುವುದನ್ನು ತಿಳಿಯದವನಿಗೆ ಮಲಗುವುದನ್ನು ತಿಳಿಸಲಾಗದೆಂಬ ಕ್ರಮವೊಂದು ಅಲ್ಲಿ ಇರುವಂತೆ ನನಗೆ ತೋರುತ್ತದೆ.

ವೈದ್ಯಶಾಸ್ತ್ರವೂ ಇದೇ ದಾರಿಯನ್ನು ಹಿಡಿಯಿತು. ಶರೀರವೆಂಬ ಮನೆಯನ್ನು ಎತ್ತಿ ನಿಲ್ಲಿಸಿರುವ ಮೂರು ಊರೆಗಂಬಗಳು ಆಹಾರ, ನಿದ್ರೆ, ಬ್ರಹ್ಮಚರ್ಯವೆಂದು ಹೇಳುವ ಚರಕಸಂಹಿತೆಯು, ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ಮತ್ತು ದೋಷಜ, ಎಂದರೆ ವಾತಪಿತ್ತಕಫಗಳು ಕೆರಳಿದುದರಿಂದ ಹುಟ್ಟುವುದು. ಒರಳುಕಲ್ಲಿನ ನನ್ನ ಕನಸನ್ನು ಈ ಏಳರ ಮುಂದಿಟ್ಟು ನೋಡಿದರೆ, ಅಜ್ಜಿಯೂ ಅಡುಗೆಮನೆಯೂ ಅನುಭವಿಸಿದ ಬಗೆಗೆ ಸೇರಿದವು. ಉಕ್ಕಿದ ಹಿಟ್ಟೂ ಬಾಯಿತುಂಬಿದ ಹುಳಿಯೂ ದೋಷಜ. ಹೊಟ್ಟೆಯು ಕಥೆಯನ್ನು ಕಟ್ಟಲಾರದು. ಮನಸ್ಸು ಕಟ್ಟಿದ ಕಥೆಗೆ ತನ್ನ ರುಚಿಯನ್ನು ಮಾತ್ರ ಬೆರೆಸಬಲ್ಲುದು. ಆದುದರಿಂದಲೇ ಇರಬೇಕು, ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ ಸಲ್ಲಲಿ, ನಾಲ್ಕನೆಯ ಪಾಲು ಗಾಳಿಯ ಸಂಚಾರಕ್ಕೆ ಬರಿದಾಗಿರಲಿ ಎಂದು ಅಷ್ಟಾಂಗಹೃದಯದ ವಾಗ್ಭಟನು ವಿಧಿಸಿದುದು.

ಕನ್ನಡ ನಾಡಿನಲ್ಲಿ ಈ ವಿವೇಕವನ್ನು ವ್ರತದ ಮಟ್ಟಕ್ಕೆ ಏರಿಸಿದವರು ಜೈನರು. ಸೂರ್ಯಾಸ್ತವಾದ ಮೇಲೆ ಉಣ್ಣಲಾಗದೆಂಬ ಅವರ ನಿಯಮಕ್ಕೆ ಮೂಲವು ಅಹಿಂಸೆ, ಆರೋಗ್ಯವಲ್ಲ. ದೀಪದ ಬೆಳಕಿಗೆ ಬರುವ ಸೂಕ್ಷ್ಮಜೀವಿಗಳಿಗೆ ಹಾನಿಯಾಗದಿರಲೆಂಬ ಕರುಣೆ. ಆದರೂ ರಾತ್ರಿಯ ಊಟವನ್ನು ಹೀಗೆ ತೊರೆದ ಪರಂಪರೆಯೇ ಕನಸುಗಳನ್ನು ಬಹಳ ಗೌರವದಿಂದ ಕಾಪಾಡಿಕೊಂಡು ಬಂದ ಪರಂಪರೆಯೂ ಆಗಿರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಚಂದ್ರಗುಪ್ತನು ಕಂಡ ಹದಿನಾರು ಕನಸುಗಳಿಗೆ ಭದ್ರಬಾಹು ಭಟಾರರು ಅರ್ಥವನ್ನು ಹೇಳಿದರೆಂಬ ಕಥೆಯು ವಡ್ಡಾರಾಧನೆಯಲ್ಲಿ ಬರುವುದು. ಆ ಗುರುಶಿಷ್ಯರ ನೆನಪನ್ನು ಹೊತ್ತು ನಿಂತಿರುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟ. ಕನಸನ್ನು ಗಂಭೀರವಾಗಿ ಕೇಳಬೇಕೆನ್ನುವವನು ಅದರಲ್ಲಿ ಹೊಟ್ಟೆಯ ಗದ್ದಲವು ಸೇರದಂತೆ ನೋಡಿಕೊಳ್ಳಬೇಕಾಗುವುದು ಸಹಜವೇ ಅಲ್ಲವೆ?

ನಮ್ಮ ಮನೆಗಳಲ್ಲಿ ಶನಿವಾರದ ರಾತ್ರಿ ಅನ್ನವನ್ನು ಬಿಟ್ಟು ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ತಿನ್ನುವ ‘ಫಲಾಹಾರ’ದ ಪದ್ಧತಿಯೂ, ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯೂ ಇದೇ ತಿಳಿವಳಿಕೆಯ ಕವಲುಗಳು.

ಪ್ರಯೋಗಶಾಲೆ ಹೇಳುವುದು

ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪಬೇಕಾಗಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆರೋಗ್ಯವಂತರಾದ 20 ಮಂದಿಗೆ ಒಮ್ಮೆ ಸಂಜೆ ಆರಕ್ಕೂ ಇನ್ನೊಮ್ಮೆ ರಾತ್ರಿ ಹತ್ತಕ್ಕೂ ಒಂದೇ ಊಟವನ್ನು ಕೊಟ್ಟು, ಎರಡು ಸಲವೂ ಹನ್ನೊಂದಕ್ಕೆ ಮಲಗಿಸಿದರು. ತಡವಾಗಿ ಉಂಡ ರಾತ್ರಿ ರಕ್ತದ ಸಕ್ಕರೆಯ ಗರಿಷ್ಠಮಟ್ಟವು ಸುಮಾರು 18 ಪ್ರತಿಶತ ಹೆಚ್ಚಿತ್ತು. ದೇಹವು ಕರಗಿಸಿದ ಕೊಬ್ಬು ಸುಮಾರು 10 ಪ್ರತಿಶತ ಕಡಿಮೆಯಾಗಿತ್ತು. ನಿದ್ರೆಯ ಸ್ವರೂಪದಲ್ಲಿ ಮಾತ್ರ ಗಣನೀಯವಾದ ಭೇದವು ಕಾಣಲಿಲ್ಲ. ಎಂದರೆ, ಗಟ್ಟಿಯಾದ ದೇಹವು ಒಂದು ರಾತ್ರಿಯ ಅಪಚಾರವನ್ನು ನಿದ್ರೆಗೆ ತಿಳಿಯದಂತೆ ನುಂಗಿಕೊಳ್ಳಬಲ್ಲುದು. ಆದರೆ ಲೆಕ್ಕವು ರಕ್ತದಲ್ಲಿ ಬರೆದಿರುತ್ತದೆ. ತಡವಾಗಿ ಉಂಡವರೆಲ್ಲರೂ ಕೆಟ್ಟ ಕನಸು ಕಾಣುವರೆಂದು ಹೆದರಿಸುವುದು ಸತ್ಯವಾಗಲಾರದು.

ಊಟವು ಎಂಥದೆಂಬುದರ ಮೇಲೆ ಫಲವು ಬೇರೆಯಾಗುವುದು. ಅನ್ನ ಉಣ್ಣುವ ನಮಗೆ ಹತ್ತಿರವಾದ ಪ್ರಯೋಗವೊಂದು 2007ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಿಂದ ಬಂತು. ಬೇಗನೆ ಸಕ್ಕರೆಯಾಗಿ ಕರಗುವ ಬಗೆಯ ಅಕ್ಕಿಯ ಅನ್ನವನ್ನು 12 ಮಂದಿ ಗಂಡಸರು ಮಲಗುವುದಕ್ಕೆ ನಾಲ್ಕು ಗಂಟೆ ಮೊದಲು ಉಂಡಾಗ ಸರಾಸರಿ ಒಂಬತ್ತೇ ನಿಮಿಷದಲ್ಲಿ ನಿದ್ರೆಗೆ ಜಾರಿದರು. ಅದೇ ಅನ್ನವನ್ನು ಒಂದು ಗಂಟೆ ಮೊದಲು ಉಂಡಾಗ ಹೆಚ್ಚು ಹೊತ್ತು ಹಿಡಿಯಿತು. ಆಹಾರ ಒಂದೇ, ಹೊತ್ತು ಬೇರೆ. ಅದೇ ದೇಶದಲ್ಲಿ 1992ರಲ್ಲಿ ಆರು ಮಂದಿ ತರುಣರಿಗೆ ಸಾಸಿವೆಯೂ ಮೆಣಸಿನಕಾಯಿಯ ರಸವೂ ಬೆರೆತ ಖಾರದ ಊಟವನ್ನು ಬಡಿಸಿ ನೋಡಿದಾಗ, ನಿದ್ರೆಯ ಮೊದಲ ಆವರ್ತದಲ್ಲಿ ಮೈಯ ಬಿಸಿಯು ಏರಿ ನಿದ್ರೆಯು ಕದಡಿದ್ದು ಕಂಡುಬಂತು. ನಿದ್ರೆಗೆ ಇಳಿಯುವ ಮೈಯು ತಣ್ಣಗಾಗುತ್ತ ಹೋಗಬೇಕು. ಖಾರವು ಅದಕ್ಕೆ ಅಡ್ಡ ನಿಲ್ಲುವುದು. ರಾತ್ರಿ ಹತ್ತೂವರೆಗೆ ರಸ್ತೆಬದಿಯಲ್ಲಿ ಕೆಂಪಗೆ ಹೊಳೆಯುವ ಗೋಬಿ ಮಂಚೂರಿಯ ತಟ್ಟೆಯನ್ನು ಕಂಡಾಗಲೆಲ್ಲ ನನಗೆ ಆ ಆರು ಮಂದಿ ತರುಣರ ನೆನಪಾಗುವುದು.

ಇನ್ನು ಕನಸಿನ ಮಾತು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಟೋರೆ ನೀಲ್ಸನ್ ಮತ್ತು ಸಂಗಡಿಗರು ಕೆನಡಾದ 1,082 ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂದದ್ದು ಕನಸನ್ನು ಬದಲಿಸುತ್ತದೆಂದು ಹೇಳಿದವರು 5.5 ಪ್ರತಿಶತ ಮಾತ್ರ. ಆದರೆ ಹಾಲಿನ ಸಕ್ಕರೆಯು ಅರಗದೆ ಹೊಟ್ಟೆಯುಬ್ಬರ ನೋವುಗಳಿಂದ ಬಳಲುವವರಲ್ಲಿ ದುಃಸ್ವಪ್ನಗಳು ಹೆಚ್ಚೆಂಬುದು ಅದರಲ್ಲಿ ಸ್ಪಷ್ಟವಾಯಿತು. ಮಲಗುವ ಮುನ್ನ ಒಂದು ಲೋಟ ಹಾಲು ಕುಡಿಯುವ ಅಭ್ಯಾಸವುಳ್ಳ ನಮ್ಮ ಮನೆಗಳಿಗೆ ಇದು ಯೋಚಿಸತಕ್ಕ ವಿಷಯ. ದಕ್ಷಿಣ ಭಾರತದ ವಯಸ್ಕರಲ್ಲಿ ಹಾಲು ಅರಗದಿರುವುದು ಅಪರೂಪವೇನೂ ಅಲ್ಲ. ನಿದ್ರೆಯನ್ನು ತರುವ ವಸ್ತುಗಳಲ್ಲಿ ಎಮ್ಮೆಯ ಹಾಲೇ ಶ್ರೇಷ್ಠವೆಂದ ಚರಕನಿಗೂ ಈ ಅಧ್ಯಯನಕ್ಕೂ ವಿರೋಧವುಂಟೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸಿದರೆ ಇಲ್ಲ. ಅರಗಿಸಿಕೊಳ್ಳಬಲ್ಲವನಿಗೆ ಹಾಲು ನಿದ್ರೆ, ಅರಗಿಸಿಕೊಳ್ಳಲಾರದವನಿಗೆ ಅದೇ ಹಾಲು ಕನವರಿಕೆ. ಕನಸಿನೊಳಕ್ಕೆ ನುಗ್ಗುವುದು ಅನ್ನವಲ್ಲ, ಅರಗದ ಅನ್ನ.

ಬೆಳಗಿನ ಜಾವದ ಕನಸು

ಬೆಳಗಿನ ಜಾವದ ಕನಸು ನಿಜವಾಗುವುದೆಂಬ ನಂಬಿಕೆಯು ನಮ್ಮಲ್ಲಿ ಮನೆಮಾತು. ರಾತ್ರಿಯ ಮೊದಲ ಭಾಗದಲ್ಲಿ ಕಂಡ ಕನಸಿಗೆ ಫಲವು ಅಲ್ಪವೆಂದೂ, ಯಾವ ಕನಸಿನ ಬಳಿಕ ಮತ್ತೆ ನಿದ್ರೆ ಬಾರದೋ ಅದರ ಫಲವು ಮಹತ್ತಾದುದೆಂದೂ ಚರಕಸಂಹಿತೆಯೇ ಹೇಳುವುದು. ಫಲದ ಮಾತನ್ನು ಬದಿಗಿಟ್ಟು ನೋಡಿದರೆ, ಈ ವಚನದ ಹಿಂದೆ ಸೂಕ್ಷ್ಮವಾದ ಅವಲೋಕನವುಂಟು.

1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಆಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಇವರು ನಿದ್ರಿಸುವವರ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಕೆಳಗೆ ಆಗಾಗ ವೇಗವಾಗಿ ಚಲಿಸುವುದನ್ನೂ, ಆ ಹೊತ್ತಿನಲ್ಲಿ ಎಬ್ಬಿಸಿದವರು ಬಹುಮಟ್ಟಿಗೆ ಕನಸನ್ನು ಹೇಳುವುದನ್ನೂ ಪ್ರಕಟಿಸಿದರು. ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಮರಳುವ ಈ ಸ್ಥಿತಿಯು ರಾತ್ರಿಯ ಆರಂಭದಲ್ಲಿ ಕೆಲವೇ ನಿಮಿಷಗಳಷ್ಟಿದ್ದು, ಬೆಳಗಾಗುತ್ತ ದೀರ್ಘವಾಗುತ್ತ ಹೋಗುವುದು. ಆದುದರಿಂದ ಜಾವದಲ್ಲಿ ಕನಸು ಹೆಚ್ಚು. ಕಂಡ ಕನಸು ನೆನಪಿನಲ್ಲಿ ಉಳಿಯಬೇಕಾದರೆ ಅದರ ನಡುವೆಯೋ ಕೊನೆಯಲ್ಲಿಯೋ ಎಚ್ಚರವಾಗಬೇಕು. ಎಚ್ಚರವಿಲ್ಲದೆ ದಾಟಿದ ಕನಸು ಮರಳಿನ ಮೇಲೆ ಬರೆದ ಅಕ್ಷರ.

ತಡವಾದ ಊಟದ ರಹಸ್ಯವಿರುವುದು ಇಲ್ಲಿಯೇ. ತುಪ್ಪ ಎಣ್ಣೆಗಳಿಂದ ಕೂಡಿದ ಭಾರವಾದ ಊಟವು ಜಠರವನ್ನು ಬಿಡಲು ಹಲವು ಗಂಟೆಗಳು ಬೇಕು. ಅಷ್ಟರೊಳಗೆ ಮಲಗಿಬಿಟ್ಟರೆ ಆಮ್ಲವು ಅನ್ನನಾಳಕ್ಕೆ ಏರಿ ಎದೆಯುರಿಯೂ ಹುಳಿತೇಗೂ ಹುಟ್ಟುವುವು. ನಿದ್ರೆಯಲ್ಲಿ ಸಣ್ಣ ಸಣ್ಣ ಬಿರುಕುಗಳು ಬೀಳುವುವು. ನಾವು ನಿತ್ಯವೂ ಕಂಡು ನಿತ್ಯವೂ ಮರೆಯುವ ಕನಸುಗಳು ಆ ಬಿರುಕುಗಳಿಂದ ಹೊರಕ್ಕೆ ಸೋರುವುವು. ಊಟವು ಕನಸನ್ನು ಹೆಚ್ಚಿಸಿತೆಂದು ನಾವು ಭಾವಿಸುವೆವು. ಅದು ಹೆಚ್ಚಿಸಿದ್ದು ಎಚ್ಚರವನ್ನು. ಉಂಡ ಮೇಲೆ ನೂರು ಹೆಜ್ಜೆ ನಡೆದು ಎಡಮಗ್ಗುಲಲ್ಲಿ ಮಲಗಬೇಕೆಂದು ಸುಶ್ರುತನು ಹೇಳಿರುವುದನ್ನು ಇಲ್ಲಿ ನೆನೆಯಬೇಕು. ನೆದರ್ಲೆಂಡ್ಸಿನ ವೈದ್ಯರು 57 ಮಂದಿ ರೋಗಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದಂತೆ, ಮೇಲಕ್ಕೇರಿದ ಆಮ್ಲವು ಎಡಮಗ್ಗುಲಲ್ಲಿ ಮಲಗಿದವರಲ್ಲಿ ಬಲಮಗ್ಗುಲಿನವರಿಗಿಂತಲೂ ಅಂಗಾತ ಮಲಗಿದವರಿಗಿಂತಲೂ ಬೇಗ ಕೆಳಗಿಳಿಯುವುದು.

ಹಗಲೂ ಅರಗಬೇಕು

ಬೆಂಗಳೂರಿನ ರಾತ್ರಿಯು ಮೊದಲು ಹೀಗಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಈ ಊರಿನ ಬೀದಿದೀಪಗಳನ್ನು ಬೆಳಗುವವರೆಗೆ ಸೂರ್ಯನೇ ಊಟದ ಗಡಿಯಾರ. ವರ್ಷದ ಯಾವ ದಿನವಾದರೂ ಏಳು ಗಂಟೆಯೊಳಗೆ ಮುಳುಗುವ ಇಲ್ಲಿಯ ಸೂರ್ಯನನ್ನು ಅನುಸರಿಸಿ ಮನೆಗಳು ಉಣ್ಣುತ್ತಿದ್ದುವು. ದೀಪವು ಒಳ್ಳೆಯದನ್ನೇ ಮಾಡಿತು. ಓದು, ದುಡಿಮೆ, ಸಂಗೀತ ಎಲ್ಲಕ್ಕೂ ಹೊತ್ತನ್ನು ಕೊಟ್ಟಿತು. ಆದರೆ ಕೊಟ್ಟ ಹೊತ್ತನ್ನೆಲ್ಲ ದುಡಿಮೆಯೊಂದೇ ನುಂಗಿಬಿಟ್ಟಿತು.

ಇದರ ಭಾರವನ್ನು ಹೊರುತ್ತಿರುವವರು ಯಾರೆಂಬುದನ್ನು ನಾನು ತಿಳಿದದ್ದು ಒಂದು ರಾತ್ರಿ ಹತ್ತೂಮುಕ್ಕಾಲಿಗೆ, ನಮ್ಮ ಗೇಟಿನ ಮುಂದೆ. ಪಕ್ಕದ ಮನೆಗೆ ಊಟದ ಪೊಟ್ಟಣವನ್ನು ತಂದ ಹುಡುಗ ಮನೆಯ ಸಂಖ್ಯೆ ಕಾಣದೆ ನಮ್ಮಲ್ಲಿ ವಿಚಾರಿಸಿದ. ದಾರಿ ತೋರಿಸಿ, ‘ನಿನ್ನ ಊಟ ಆಯಿತೇನಪ್ಪಾ?’ ಎಂದು ಕೇಳಿದೆ. ‘ನಂದು ಒಂದು ಗಂಟಿ ಆಗ್ತದ್ರಿ ಸರ್,’ ಎಂದ, ಯಾದಗಿರಿಯ ಕಡೆಯವನಂತೆ. ನಿದ್ದೆ ಹೇಗೆಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಕನಸಿನ್ಯಾಗೂ ಮನಿ ಹುಡುಕ್ಕೋತನೇ ಇರ್ತೀನ್ರಿ. ಕ್ರಾಸ್ ಸಿಕ್ರ ಮೇನ್ ಸಿಗಂಗಿಲ್ಲ. ಊಟ ಆರತದ, ಫೋನ್ ಹೊಡಕೋತದ.’

ಆ ಹುಡುಗನ ಕನಸಿನಲ್ಲಿ ಇದ್ದದ್ದು ಅನ್ನದ ಅಜೀರ್ಣವೊಂದೇ ಅಲ್ಲ, ಹಗಲಿನ ಅಜೀರ್ಣವೂ ಹೌದು. ಉಂಡದ್ದು ಅರಗಲು ಹೊತ್ತು ಬೇಕಾಗುವಂತೆ, ಕಂಡದ್ದು, ಕೇಳಿದ್ದು, ನೊಂದದ್ದು ಅರಗುವುದಕ್ಕೂ ಹೊತ್ತು ಬೇಕು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆಯೆಂಬ ಗಾದೆಯ ಸತ್ಯ ಇದೇ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಬಹುಕಾಲ ವಿಪಶ್ಯನಾ ಧ್ಯಾನವನ್ನು ಅಭ್ಯಾಸ ಮಾಡಿದವರ ನಿದ್ರೆಯನ್ನು ಅಳೆದು ನೋಡಿದಾಗ, ವಯಸ್ಸಿನೊಡನೆ ಕುಗ್ಗುವ ಗಾಢನಿದ್ರೆಯು ಅವರಲ್ಲಿ ಇತರರಷ್ಟು ಕುಗ್ಗದೆ ಉಳಿದಿರುವುದು ಕಂಡುಬಂದಿತು. ಎಲ್ಲರಿಂದಲೂ ಧ್ಯಾನವಾಗದಿರಬಹುದು; ಆದರೆ ಊಟಕ್ಕೂ ಹಾಸಿಗೆಗೂ ನಡುವೆ ಎರಡು ಮೂರು ಗಂಟೆಗಳ ಬಿಡುವು ಇದ್ದ ಕಾಲದಲ್ಲಿ, ಜಗಲಿಯ ಮೇಲಿನ ಮಾತು, ಎಲೆಯಡಿಕೆ, ಮಕ್ಕಳಿಗೆ ಹೇಳುವ ಕಥೆ ಇವೆಲ್ಲವೂ ಹಗಲನ್ನು ಅರಗಿಸುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದುವು. ತಡವಾಗಿ ಉಣ್ಣುವ ಮನೆಯು ಕಳೆದುಕೊಳ್ಳುವುದು ಆ ಬಿಡುವನ್ನು. ಅಲ್ಲಿ ಅನ್ನವೂ ಹಗಲೂ ಒಟ್ಟಿಗೆ, ಅರಗದೆ, ಹಾಸಿಗೆಗೆ ಹೋಗುವುವು.

ಆದುದರಿಂದ ನನ್ನ ವಿನಂತಿ ಇಷ್ಟೆ. ಆಗುವ ದಿನಗಳಲ್ಲಿ ಎಂಟರೊಳಗೆ ಉಣ್ಣೋಣ. ಆಗದ ದಿನ ಹಸಿದು ಮಲಗುವುದು ಬೇಡ, ಹಸಿವೂ ನಿದ್ರೆಯನ್ನು ಕೆಡಿಸುವುದು. ಸಂಜೆ ಆರಕ್ಕೆ ಒಂದಿಷ್ಟು ಗಟ್ಟಿಯಾದ ತಿಂಡಿ, ರಾತ್ರಿ ತಿಳಿಸಾರು ಮಜ್ಜಿಗೆಯ ಹಗುರವಾದ ಊಟ, ಖಾರವೂ ಕರಿದದ್ದೂ ಮಧ್ಯಾಹ್ನಕ್ಕೆ. ಊಟದ ಮೇಲಿನ ಕಾಫಿಯನ್ನು ಬಿಡೋಣ. ಅದರ ಸತ್ತ್ವದ ಅರ್ಧದಷ್ಟು ಐದಾರು ಗಂಟೆಗಳ ಬಳಿಕವೂ ರಕ್ತದಲ್ಲಿ ಉಳಿದಿರುವುದು. ಎದೆಯುರಿಯು ವಾರಕ್ಕೆ ಹಲವು ಬಾರಿ ಎಬ್ಬಿಸುವುದಾದರೆ ವೈದ್ಯರನ್ನು ಕಾಣೋಣ. ಆರತಕ್ಷತೆಯ ಪಂಕ್ತಿಯನ್ನು ಏಳಕ್ಕೇ ಹಾಕಿಸುವುದು ಮನೆಯ ಹಿರಿಯರ ಕೈಯಲ್ಲಿದೆ. ಪಾಳಿಯಲ್ಲಿ ದುಡಿಯುವವರಿಗೆ ದುಡಿಮೆಯ ನಡುವೆಯೇ ಹೊತ್ತಿಗೆ ಊಟದ ಬಿಡುವನ್ನು ಕೊಡುವುದು, ದುಡಿಸಿಕೊಳ್ಳುವವರ ಔದಾರ್ಯವಲ್ಲ, ಕರ್ತವ್ಯ.

ನಮ್ಮ ಮನೆಯಲ್ಲಿ ಈಗ ಏಳೂಮುಕ್ಕಾಲಿಗೆ ತಟ್ಟೆ ಹಾಕುತ್ತೇವೆ. ಊಟವಾದ ಮೇಲೆ ಅಮ್ಮ ನಾಳೆಗೆ ಉದ್ದು ನೆನೆಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತು, ‘ಇವತ್ತು ಏನೇನಾಯ್ತು, ಹೇಳು’ ಎನ್ನುತ್ತಾರೆ. ಹತ್ತರವರೆಗೆ ಮಾತು ನಡೆಯುವುದು. ಆ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬೈಕೊಂದು ನಿಂತು, ಹುಡುಗನೊಬ್ಬ ಫೋನಿನ ಬೆಳಕಿನಲ್ಲಿ ಮನೆಯ ಸಂಖ್ಯೆಗಳನ್ನು ಓದುತ್ತಿದ್ದರೆ, ಅಮ್ಮ ಕುಳಿತಲ್ಲಿಂದಲೇ ಮೊದಲು ದಾರಿ ಹೇಳಿ, ಆಮೇಲೆ ‘ಊಟ ಆಯ್ತೇನಪ್ಪಾ?’ ಎಂದು ಕೇಳುತ್ತಾರೆ.